ಎರಡನೆಯ ಹಾಳೆ

ಬೆಣ್ಣೆ ಕರಗಿ ನೊರೆ ಅಡಗುವ ಹೊತ್ತು. ಇನ್ನೊಂದು ಗಳಿಗೆ ಬಿಟ್ಟರೆ ತುಪ್ಪ ಕರಟುತ್ತದೆ, ಈಗಲೇ ಇಳಿಸಿದರೆ ಹಸಿವಾಸನೆ ಉಳಿಯುತ್ತದೆ. ರಾಜಮತಿ ಕೊಳ್ಳಿಯನ್ನು ಹಿಂದಕ್ಕೆಳೆದು ವೀಳ್ಯದೆಲೆಯ ಚೂರೊಂದನ್ನು ಪಾತ್ರೆಗೆ ಹಾಕಿದಳು.

"ಇನ್ನೂ ಕಾಯಿಸ್ತಾ ಇದ್ದೀರಾ ಅತ್ತಿಗೆ? ಅಣ್ಣನ ಎರಡು ಕಣ್ಣು ತಿಂದದ್ದು ಸಾಕಾಗ್ಲಿಲ್ಲವಾ ಈ ತುಪ್ಪಕ್ಕೆ?"

ನಾದಿನಿ ಕಾಂತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಳದಂಗಡಿಯಿಂದ ಮೊದಲ ಬಸ್ಸು ಹಿಡಿದು ಪುತ್ತಿಗೆಗೆ ಬಂದಿದ್ದಳು. ರಾಜಮತಿಯ ಗಂಡ ಚಂದ್ರರಾಜ ತೀರಿಕೊಂಡು ಅಂದಿಗೆ ವರ್ಷ.

"ಬಸದಿಯ ಅಭಿಷೇಕಕ್ಕೆ. ನಿನ್ನ ಎಲೆಗೆ ಬೀಳುದಿಲ್ಲ, ಹೆದರಬೇಡ."

"ಹೆದರುದು ಯಾರು? ನಾನು ತುಪ್ಪ ಬಿಟ್ಟು ಒಂಬತ್ತು ತಿಂಗಳಾಯ್ತು. ಕಣ್ಣು ಕನ್ನಡಿ ಹಾಗೆ ಉಂಟು."

ರಾಜಮತಿ ತುಪ್ಪವನ್ನು ಸೋಸಿದಳು.

ಮೂಡುಬಿದಿರೆಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಚಂದ್ರರಾಜನ ದೃಷ್ಟಿ ನೋವಿಲ್ಲದೆ, ಸದ್ದಿಲ್ಲದೆ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬಂದಿತ್ತು. ಗ್ಲಾಕೋಮಾ ಎಂದು ಡಾಕ್ಟರು ಹೇಳುವಾಗ ನರ ಒಣಗಿಹೋಗಿತ್ತು. "ಕೆಟ್ಟ ಕಣ್ಣಾದರೂ ಕಲಿಯುವವರಿಗೆ ಆದೀತು" ಎಂದು ಅವನೇ ದಾನಪತ್ರಕ್ಕೆ ಸಹಿ ಹಾಕಿದ್ದ. ಅವನು ಸತ್ತ ದಿನ ಕಣ್ಣು ತೆಗೆಯಲು ಬಂದವರನ್ನು ಕಂಡು ಕಾಂತಿ ಅಂಗಳದಲ್ಲಿ ಉರುಳಾಡಿ ಕೂಗಿದ್ದಳು.

ಮೂರು ತಿಂಗಳ ಮೇಲೆ ಆ ಕಣ್ಣು ಪರೀಕ್ಷಿಸಿದ ಪ್ರಯೋಗಾಲಯದಿಂದ ಎರಡು ಹಾಳೆಯ ಕಾಗದ ಬಂತು. ಕುಟುಂಬದವರೆಲ್ಲ ಸೇರಿದ್ದ ದಿನ ಕಾಂತಿ ಮೊದಲ ಹಾಳೆಯನ್ನು ಗಟ್ಟಿಯಾಗಿ ಓದಿದಳು. ಕಣ್ಣಿನೊಳಗೆ ಊರುವ ನೀರು ಹೊರಹೋಗಲು ಜರಡಿಯಂಥದೊಂದು ಅಂಗಾಂಶ ಇರುತ್ತದೆ. ಅಲ್ಲಿ ದಾರಿ ಕಟ್ಟಿದರೆ ಒತ್ತಡ ಏರುತ್ತದೆ. ನಿಮ್ಮ ಯಜಮಾನರ ಕಣ್ಣಿನ ಆ ಜರಡಿಯಲ್ಲಿ ಕೊಬ್ಬಿನ ಅಂಶಗಳು ಆರೋಗ್ಯದ ಕಣ್ಣಿನಲ್ಲಿ ಇರುವ ಹಾಗೆ ಇರಲಿಲ್ಲ, ಕೆಲವು ಹೆಚ್ಚಿದ್ದವು, ಕೆಲವು ಕಾಣಲೇ ಇಲ್ಲ. ಅಷ್ಟಕ್ಕೆ ನಿಲ್ಲಿಸಿ ಅವಳು ಹಾಳೆಯನ್ನು ರಾಜಮತಿಯ ಮುಖಕ್ಕೆ ಎಸೆದಳು.

"ಕೇಳಿದಿರಾ ಎಲ್ಲರೂ? ಕೊಬ್ಬಂತೆ! ಬಟ್ಟಲು ಬಟ್ಟಲು ತುಪ್ಪ ಎರೆದು ಅಣ್ಣನನ್ನು ಕುರುಡು ಮಾಡಿದ್ದು ಇವರೇ!"

ಮರುದಿನವೇ ಬಸದಿಗೆ ಹೋಗಿ ರಸತ್ಯಾಗದ ವ್ರತ ಹಿಡಿದು ಕಾಂತಿ ತುಪ್ಪ ಬಿಟ್ಟಳು. ಆಮೇಲೆ ನೆಂಟರ ಯಾವ ಮನೆಯ ಊಟದಲ್ಲೂ ಬಡಿಸಲೆಂದು ರಾಜಮತಿಯ ಕೈಗೆ ತುಪ್ಪದ ಮಿಳ್ಳೆ ಕೊಟ್ಟವರಿಲ್ಲ.

ಎರಡನೆಯ ಹಾಳೆ ರಾಜಮತಿಯ ಕೈಯಲ್ಲೇ ಉಳಿದಿತ್ತು. ಈ ಕೊಬ್ಬು ತಿಂದ ತುಪ್ಪದಿಂದ ಎಣ್ಣೆಯಿಂದ ಬಂದದ್ದಲ್ಲ, ರೋಗದಿಂದ ಇದಾಯಿತೋ ಇದರಿಂದ ರೋಗವೋ ನಮಗೂ ಇನ್ನೂ ತಿಳಿಯದು ಎಂದು ಪ್ರಯೋಗಾಲಯದ ಡಾಕ್ಟರು ಬರೆದಿದ್ದರು. ಆದರೆ ಒಡಹುಟ್ಟಿದವರಿಗೆ ಈ ರೋಗ ಬರುವ ಸಂಭವ ಹೆಚ್ಚು. ತಂಗಿಯ ಕಣ್ಣಿನ ಒತ್ತಡವನ್ನು ತಡಮಾಡದೆ ಪರೀಕ್ಷಿಸಬೇಕು. ದಯವಿಟ್ಟು ಈ ಹಾಳೆಯನ್ನು ಅವರಿಗೆ ಮುಟ್ಟಿಸಿ.

ಮುಟ್ಟಿಸಿದ್ದರೆ ರಾಜಮತಿಯ ಮೇಲಿನ ಅಪವಾದವೂ ತೊಳೆದುಹೋಗುತ್ತಿತ್ತು. ಆದರೂ ಅವಳು ಅದನ್ನು ಟ್ರಂಕಿನಲ್ಲಿ ಸೀರೆಗಳ ಅಡಿಗೆ ಹಾಕಿದಳು. ತುಪ್ಪ ಬಿಟ್ಟು ಕಣ್ಣು ಕಾಯ್ದುಕೊಳ್ಳಲಿ, ನೋಡುವ.

ಅಭಿಷೇಕ ಮುಗಿಸಿ ಬಂದ ಮೇಲೆ ಕಾಂತಿಗೆ ಎಲೆ ಹಾಕಿದಳು. ಎಡತುದಿಗೆ ಉಪ್ಪು, ಚಟ್ನಿ, ಹೆಸರುಬೇಳೆ ಕೋಸಂಬರಿ. ನಡುವೆ ಅನ್ನ, ಸಾರು. ನಾಲ್ಕು ತುತ್ತು ಉಂಡು ಕಾಂತಿ ಕೈ ನಿಲ್ಲಿಸಿದಳು.

"ಅಣ್ಣನ ವರ್ಷದ ದಿನ ಒಂದು ಕೋಸಂಬರಿಗೂ ಗತಿ ಇಲ್ಲವಾ ಅತ್ತಿಗೆ ಈ ಮನೆಯಲ್ಲಿ? ಬರೀ ಅನ್ನ ಸಾರು ಉಣ್ಲಿಕ್ಕೆ ಎರಡು ಬಸ್ಸು ಹತ್ತಬೇಕಿತ್ತಾ ನಾನು?"

ರಾಜಮತಿ ಎಲೆಯ ಕಡೆ ನೋಡಿದಳು. ಕೋಸಂಬರಿ ಹಾಕಿದಲ್ಲೇ ಗುಪ್ಪೆಯಾಗಿ ಇತ್ತು. ನಾಲಗೆಯ ತುದಿಗೆ ಬಂದ ಬೈಗುಳ ಅಲ್ಲೇ ನಿಂತಿತು. "ಪಲ್ಯ ಬಡಿಸ್ಲಿಕ್ಕೆ ಏನು ದಾಡಿ ನಿನಗೆ?" ಎಂದು ಚಂದ್ರರಾಜನೂ ಎರಡು ವರ್ಷ ಹೀಗೇ ಎಲೆಯ ಮುಂದೆ ಕೂಗಾಡಿದ್ದ. ಅದು ಮುಂಗೋಪವೆಂದು ತಿಳಿದು ಅವಳೂ ಹಟಕ್ಕೆ ಬಿದ್ದು, ಪಲ್ಯ ಎಲೆಯಲ್ಲೇ ಇದೆಯೆಂದು ಬಾಯಿ ಬಿಟ್ಟು ಹೇಳಿರಲಿಲ್ಲ.

ರಾಜಮತಿ ನೀರಿನ ಲೋಟವನ್ನು ಕಾಂತಿಯ ಎಡಕ್ಕೆ ಸರಿಸಿಟ್ಟಳು. ಕಾಂತಿ ಸೆರಗು ಸರಿಮಾಡಲು ಎಡಗೈ ಎತ್ತಿದ್ದೇ ಲೋಟ ಉರುಳಿತು.

"ಕೈಗೆ ಅಡ್ಡ ಇಡ್ತಾರಾ ಯಾರಾದರೂ ಮಾರಾಯ್ರೆ?"

ರಾಜಮತಿಯ ಎದೆಯೊಳಗೆ ಸಣ್ಣಗೆ ಒಂದು ಸುಖ ಹರಿಯಿತು. ಬರಲಿ, ಇವಳಿಗೂ ಬರಲಿ. ಬಟ್ಟೆ ತಂದು ನೆಲ ಒರೆಸಲು ಕುಳಿತವಳ ಕೈ ಅರ್ಧಕ್ಕೆ ನಿಂತಿತು.

"ಕಾಂತಿ, ಮೂಡುಬಿದಿರೆಗೆ ಹೋಗಿ ಒಮ್ಮೆ ಕಣ್ಣು ತೋರಿಸುವ. ನಾನೂ ಬರ್ತೇನೆ."

ಕಾಂತಿ ಎಂಜಲುಗೈಯಲ್ಲೇ ಎದ್ದಳು. "ಅಣ್ಣನದ್ದು ಕೀಳಿಸಿ ಕಳಿಸಿದಿರಿ, ಈಗ ನನ್ನದಾ? ನಿಮ್ಮ ಬಾಯಲ್ಲಿ ನನ್ನ ಕಣ್ಣಿನ ಮಾತು ಬೇಡ. ಇನ್ನು ಸತ್ತರೂ ಈ ಹೊಸ್ತಿಲು ತುಳಿಯುದಿಲ್ಲ ನಾನು."

ಚಾವಡಿ ಇಳಿಯುವಾಗ ಅವಳ ಎಡಭುಜ ಕಂಬಕ್ಕೆ ಬಡಿಯಿತು. ಅವಳು ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ರಾಜಮತಿ ಟ್ರಂಕು ತೆರೆದಳು. ಕಾಂತಿಯ ಹೆಸರಿಗೆ ಕಳಿಸಿದರೆ ಬಚ್ಚಲೊಲೆಗೆ ಹೋದೀತೆಂದು ಲಕೋಟೆಯ ಮೇಲೆ ಅವಳ ಗಂಡ ಚಿನ್ನಯ್ಯನ ಹೆಸರು ಬರೆದಳು. ಹಾಳೆಯ ತಲೆಯಲ್ಲಿ ತಾರೀಕು ಇತ್ತು, ೨೦೦೪ರದ್ದು, ಒಂಬತ್ತು ತಿಂಗಳು ಹಳೆಯದು. ಅಷ್ಟನ್ನು ಕತ್ತರಿಸಿ ತೆಗೆದರೆ ನಿನ್ನೆ ಬಂದ ಕಾಗದವೆಂದೇ ತಿಳಿದಾರು. ಕತ್ತರಿ ತಂದು ಗೆರೆಗೆ ಹಿಡಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಕೆಳಗಿಟ್ಟಳು. ಡಾಕ್ಟರ ಸಹಿಯ ಅಡಿಯಲ್ಲಿ ಬರೆದಳು:

"ಇದು ಒಂಬತ್ತು ತಿಂಗಳಿಂದ ನನ್ನ ಹತ್ತಿರ ಇತ್ತು. ಬೇಕೆಂದೇ ಕೊಡಲಿಲ್ಲ. ಅವಳಿಗೆ ಎಡಬದಿ ಕಾಣುವುದಿಲ್ಲ. ಬೈಯುವುದಿದ್ದರೆ ಆಮೇಲೆ ಬೈಯಿರಿ, ಮೊದಲು ಕರೆದುಕೊಂಡು ಹೋಗಿ."

ಅಂಚೆ ಕಚೇರಿಯ ಗುಮಾಸ್ತ ಲಕೋಟೆಯನ್ನು ತಿರುಗಿಸಿ ನೋಡಿ ಹಿಂದಕ್ಕೆ ನೂಕಿದ. "ಕಳಿಸುವವರ ಹೆಸರಿಲ್ಲ ಅಲ್ಲ ಅಮ್ಮ? ರಿಜಿಸ್ಟರ್ ಪೋಸ್ಟಿಗೆ ಅದು ಬೇಕು."

"ಹೆಸರು ಕಂಡರೆ ಒಡೆಯದೆಯೇ ಹರಿದಾರು."

"ಹರಿಯುದು ಅವರ ಇಷ್ಟ. ತಕ್ಕೊಳ್ಳದಿದ್ದರೆ ತಿರುಗಿ ನಿಮಗೇ ಬರ್ತದೆ, ಅದಕ್ಕೆ ಹೆಸರು."

ಕಟ್ಟೆಯ ಮೇಲೆ ಕಟ್ಟಿಟ್ಟ ಪೆನ್ನಿನ ದಾರ ಗಿಡ್ಡವಾಗಿತ್ತು. ರಾಜಮತಿ ಬಗ್ಗಿ ತನ್ನ ಹೆಸರು, ಮನೆ, ಊರು ಬರೆದಳು. ಗುಮಾಸ್ತ ಎರಡು ಸಲ ಮೊಹರು ಕುಟ್ಟಿ, ಲಕೋಟೆಯನ್ನು ಕ್ಯಾನ್ವಾಸ್ ಚೀಲಕ್ಕೆ ಹಾಕಿದ. ಚೀಲದ ಬಾಯಿ ಕಟ್ಟುವವರೆಗೂ ಅವಳು ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು.