ಇಲ್ಲದ್ದಕ್ಕೆ ಬೀಗ

ನಮ್ಮ ಮನೆಯ ಮುಂಬಾಗಿಲ ಹಿಂದೆ ಮೂರು ಕೊಕ್ಕೆಗಳಿದ್ದವು. ಎಡಗಡೆಯದು ನನ್ನ ಗಂಡನ ಚೀಲಕ್ಕೆ, ಬಲಗಡೆಯದು ನಾದಿನಿಯ ಕೊಡೆಗೆ. ನಡುವಿನದಕ್ಕೆ ಅತ್ತೆ ಕಪ್ಪು ದಾರ ಸುತ್ತಿ ಸುತ್ತಿ ಗಂಟು ಬಿಗಿದು, ಒಂದು ಕರವಸ್ತ್ರ ಕೂಡ ನೇತುಹಾಕಲು ಬಾರದಂತೆ ಮಾಡಿದ್ದರು. ಆಯುಷ್ಯವಿಡೀ ಶಾಲಾಮಕ್ಕಳ ಸಮವಸ್ತ್ರ ಹೊಲಿದವರು, ದಾರಕ್ಕೇನು ಬರ. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಒಂದು ಅಂದಾಜು ಮಾಡಿದೆ: ಅಣ್ಣ ತಂಗಿಯ ನಡುವೆ ವಯಸ್ಸಿನ ಅಂತರ ಬಹಳ, ನಡುವೆ ಒಂದು ಮಗು ಹೋಗಿರಬೇಕು, ಪಾಪ. ಅತ್ತೆಯನ್ನು ಕೇಳಿಯೂ ಕೇಳಿದೆ. "ನಿನಗ್ಯಾಕೆ ಇಲ್ಲದ ಉಸಾಬರಿ" ಎಂದರು. ನನಗೂ ಮೂಗಿನ ತುದಿಯಲ್ಲೇ ಕೋಪ. ಆ ಕೊಕ್ಕೆಯ ಸುದ್ದಿಗೆ ಮತ್ತೆ ಹೋಗಲಿಲ್ಲ.

ನನ್ನ ಗಂಡನದು ಕನ್ನಡಕದ ಅಂಗಡಿ. ಸಿಳ್ಳೆ ಹಾಕದೆ ಅವರಿಗೆ ಗಡ್ಡ ಬೋಳಿಸಿಕೊಳ್ಳಲು ಬರುತ್ತಿರಲಿಲ್ಲ. ಈ ವಯಸ್ಸಿನಲ್ಲಿ ನಾನು ಸ್ನಾತಕೋತ್ತರ ತರಗತಿಗೆ ಸೇರುತ್ತೇನೆಂದಾಗ ಎಲ್ಲರೂ ಹುಬ್ಬೇರಿಸಿದರು. ಇವರು ಮಾತ್ರ "ಹೋಗಿ ಬಾರೇ ಪಂಡಿತೆ, ಪಾತ್ರೆ ನಾನು ತೊಳೀತೀನಿ" ಎಂದರು. ತೊಳೆದರು ಕೂಡ. ಆ ಮನುಷ್ಯನೆಂದರೆ ನನಗೆ ಪ್ರಾಣ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯ ನನಗಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ ಅಡ್ವಾನ್ಸ್‌ಡ್ ಡೇಟಾಬೇಸ್ ಮ್ಯಾನೇಜ್‌ಮೆಂಟ್ ಎಂಬ ವಿಷಯವಿತ್ತು. ಕಲಿಸುವವರನ್ನು ನಾವು ಬೀಗದ ಮೇಷ್ಟ್ರು ಎನ್ನುತ್ತಿದ್ದೆವು, ಮಾತೆತ್ತಿದರೆ ಅವರ ಬಾಯಲ್ಲಿ ಲಾಕ್. ಒಂದು ದಿನ ಬೋರ್ಡಿನ ಮೇಲೆ ಟೇಬಲ್ ಬರೆದು ಹೇಳಿದರು: "ಇದಕ್ಕೆ ಒಂದು ಪ್ರಶ್ನೆ ಕೇಳ್ತೀರಿ. ಎರಡು ಸಾಲು ಅಂತ ಉತ್ತರ ಬರುತ್ತೆ. ನಿಮ್ಮ ಕೆಲಸ ಮುಗಿಯೋ ಮೊದಲೇ ಅದೇ ಪ್ರಶ್ನೆ ಇನ್ನೊಂದ್ಸಲ ಕೇಳ್ತೀರಿ. ಈಗ ಮೂರು. ನಡುವೆ ಒಂದು ಬಂದು ಕೂತಿದೆ. ಇದಕ್ಕೆ ಫ್ಯಾಂಟಮ್ ಅಂತಾರೆ, ಭೂತ." ಇರುವ ಸಾಲುಗಳಿಗೆ ಬೀಗ ಹಾಕಿ ಪ್ರಯೋಜನವಿಲ್ಲವಂತೆ. ಬರುವವನು ಇನ್ನೂ ಇಲ್ಲವಲ್ಲ. ಹಾಗಾಗಿ ಎರಡು ಸಾಲುಗಳ ನಡುವಿನ ಖಾಲಿ ಜಾಗಕ್ಕೇ ಬೀಗ ಹಾಕಬೇಕು.

"ಸರ್, ಇಲ್ಲದ್ದಕ್ಕೆ ಬೀಗ ಹಾಕಿದ್ರೆ ಬೀಗದ ಕೈ ಯಾರ ಹತ್ರ ಇರುತ್ತೆ?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ನಾವೆಲ್ಲ ನಕ್ಕೆವು.

"ಹಾಕಿದವರ ಹತ್ರ. ಅವರು ಬಿಟ್ರೆ ಬಿಟ್ಟ ಹಾಗೆ" ಎಂದರು ಮೇಷ್ಟ್ರು, ನಗದೆ.

ಆ ವಾರ ಅತ್ತೆ ತಮ್ಮ ತಂಗಿಯ ಮನೆಗೆ ಹೋಗಿದ್ದರು. ಪ್ರಾಜೆಕ್ಟ್ ಒಪ್ಪಿಸಿ, ಬಸ್ಸಿನಲ್ಲಿ ನಿಂತು ನಿಂತು ಕಾಲು ಸೋತು ಮನೆಗೆ ಬಂದ ನಾನು ಲ್ಯಾಪ್‌ಟಾಪ್ ಚೀಲವನ್ನು ಕೈಗೆಟಕಿದ ಕೊಕ್ಕೆಗೆ ಸಿಕ್ಕಿಸಿದೆ. ಟಪ್ಪೆಂದು ದಾರ ಹರಿಯಿತು. ಹಳೇ ದಾರ, ಇನ್ನೇನಾಗುತ್ತದೆ ಎಂದುಕೊಂಡು ಕೈಕಾಲು ತೊಳೆಯಲು ಹೋದೆ.

ಬರುವಷ್ಟರಲ್ಲಿ ನಾದಿನಿ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ಅವಳು ನರ್ಸ್, ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು.

"ಚಿಕ್ಕತ್ತಿಗೆ, ಸಕ್ಕರೆ ಎಷ್ಟು ಹಾಕ್ಲಿ?"

ಬೆಳಿಗ್ಗೆಯವರೆಗೆ ನಾನು ಬರೀ ಅತ್ತಿಗೆಯಾಗಿದ್ದೆ. "ನಾನು ಚಿಕ್ಕತ್ತಿಗೆ ಆದ್ರೆ ದೊಡ್ಡತ್ತಿಗೆ ಯಾರೇ?" ಎಂದು ರೇಗಿಸಿದೆ.

"ಅದನ್ನ ದೊಡ್ಡಣ್ಣನ್ನ ಕೇಳಿ. ಮದುವೆನೇ ಬೇಡ ಅಂತ ಕೂತಿರೋನು ಅವನು. ಪುಣ್ಯಕ್ಕೆ ಚಿಕ್ಕಣ್ಣ ನಿಮ್ಮನ್ನ ಕಟ್ಕೊಂಡ."

"ಯಾವ ಚಿಕ್ಕಣ್ಣ?"

ಜ್ವರ ಬಂದವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. "ಈಗ ತಾನೇ ಚಹಾ ಕುಡಿದು ಎದ್ದು ಹೋದನಲ್ಲ" ಎಂದಳು. ಮೇಜಿನ ಮೇಲೆ ಬರಿದಾದ ಲೋಟವೊಂದಿತ್ತು. ಮುಟ್ಟಿದೆ, ಇನ್ನೂ ಬಿಸಿಯಿತ್ತು.

ಬಾಗಿಲಲ್ಲಿ ನನ್ನ ಗಂಡನ ಸದ್ದು ಕೇಳಿ ಓಡಿದೆ. ತೋಳು ಹಿಡಿಯಲು ಹೋದರೆ ಅವರು ಮೆಲ್ಲಗೆ ಹಿಂದೆ ಸರಿದರು. "ಏನಮ್ಮಾ, ಈಗ ಬಂದ್ಯಾ? ಎಲ್ಲಿ ನಿನ್ನ ಯಜಮಾನ, ಕಾಣಿಸ್ತಾನೇ ಇಲ್ಲ?" ಕಣ್ಣು ನನ್ನ ಮುಖದ ಮೇಲಿರಲಿಲ್ಲ, ನೆಲದ ಮೇಲಿತ್ತು. ತಮ್ಮನ ಹೆಂಡತಿಯನ್ನು ಮರ್ಯಾದಸ್ಥರು ಮಾತಾಡಿಸುವುದೇ ಹಾಗೆ. ಏನೇ ಎನ್ನುತ್ತಿದ್ದ ಬಾಯಲ್ಲಿ ಈಗ ಏನಮ್ಮಾ.

ಆ ಚಿಕ್ಕಣ್ಣನನ್ನು ನಾನು ಒಮ್ಮೆಯೂ ಕಾಣಲಿಲ್ಲ. ನಾನು ಕಾಲಿಡುವ ಹೊತ್ತಿಗೆ ಅವನು ಆಗಷ್ಟೇ ಎದ್ದುಹೋಗಿರುತ್ತಿದ್ದ. ಬಚ್ಚಲಲ್ಲಿ ಒದ್ದೆ ಹೆಜ್ಜೆ, ಕುರ್ಚಿಯ ಮೇಲೆ ಕೂತೆದ್ದ ಕಾವು. ಪರೀಕ್ಷೆಯ ನೆಪ ಹೇಳಿ ನಾನು ನಡುಮನೆಯಲ್ಲಿ ಚಾಪೆ ಹಾಸಿಕೊಂಡೆ. ಒಂದು ಬೆಳಿಗ್ಗೆ ಬಚ್ಚಲಿನಿಂದ ಸಿಳ್ಳೆ ಕೇಳಿಸಿತು, ನನ್ನವರದೇ ಸಿಳ್ಳೆ. ಅವರೋ ನನ್ನೆದುರಿಗೆ ಪೇಪರ್ ಹಿಡಿದು ಕೂತಿದ್ದರು. ಅಂದಿನಿಂದ ಅವರು ಸದ್ದಿಲ್ಲದೆ ಗಡ್ಡ ಬೋಳಿಸಿಕೊಳ್ಳತೊಡಗಿದರು. ಆಮೇಲೆ ಅವರ ನಗು ಹೋಯಿತು, ಅದು ಒಳಕೋಣೆಯಿಂದ ಕೇಳಿಸತೊಡಗಿತು. ಅಂಗಡಿಗೆ ಬಂದವರಿಗೆ ಕನ್ನಡಕ ಹಾಕಿಸಿ, ಮುಂದೇನು ಕೇಳಬೇಕೆಂದು ತಿಳಿಯದೆ ಸುಮ್ಮನೆ ನಿಂತುಬಿಡುತ್ತಿದ್ದರಂತೆ. ಒಗೆದು ಒಗೆದು ಬಣ್ಣಗೆಟ್ಟ ಅಂಗಿಯ ಹಾಗೆ ಆಗಿತ್ತು ಅವರ ಮುಖ. ಒಂದು ಸಂಜೆ ಮುಚ್ಚಿದ ಬಾಗಿಲಾಚೆಯಿಂದ ಯಾರೋ "ಪಂಡಿತೆ" ಎಂದು ಮುದ್ದಿನಿಂದ ಕರೆದರು.

ಮರುದಿನ ಬಂದ ಅತ್ತೆ ಬಾಗಿಲು ಹಾಕಲು ತಿರುಗಿದವರೇ ಕೊಕ್ಕೆ ನೋಡಿ, ನನ್ನ ಚೀಲದ ಪಟ್ಟಿ ಸರಿಸಿ ಹರಿದ ದಾರ ಮುಟ್ಟಿದರು.

"ನೀವು ಹೆತ್ತ ಮಗುನಾ ಅತ್ತೆ?"

"ಹೆತ್ತಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಇವರಿಬ್ಬರ ನಡುವೆ ಯಾರೂ ಹುಟ್ಟಲಿಲ್ಲ. ಮಗಳು ಮಾತು ಕಲಿತಾಗ, ಅಣ್ಣ ಒಂದು, ನಾನು ಮೂರು ಅಂತಿದ್ಳು. ಎರಡು ಯಾರೇ ಅಂದ್ರೆ ಬಾಗಿಲ ಕಡೆ ನೋಡ್ತಿದ್ಳು. ಆವತ್ತಿಂದ ಆ ಜಾಗ ಕಟ್ಟಿ ಇಟ್ಟಿದೀನಿ." ಸೆರಗಿನಿಂದ ಮುಖ ಒರೆಸಿಕೊಂಡರು. "ಅವನಿಗೆ ಸ್ವಂತದ್ದು ಅಂತ ಏನೂ ಇಲ್ಲ ಕಣೇ. ಅಕ್ಕಪಕ್ಕದವರದ್ದೇ ತಗೋಬೇಕು. ಹೀಗೇ ಬಿಟ್ರೆ ನನ್ನ ಮಗನಲ್ಲಿ ಏನೂ ಉಳಿಯಲ್ಲ."

ನನ್ನ ಚೀಲ ತೆಗೆದು ಹೊಸ ದಾರ ಸುತ್ತಿದರು. ಗಂಟು ಬಿದ್ದ ಕೂಡಲೇ ಬಿಚ್ಚಿಕೊಂಡಿತು. ಮತ್ತೆ ಸುತ್ತಿದರು, ಮತ್ತೆ ಬಿಚ್ಚಿತು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ದಿಕ್ಕು ತೋಚದೆ ಬೀಗದ ಮೇಷ್ಟ್ರ ಕೋಣೆಗೆ ಹೋದೆ. "ಸರ್, ನಡುವೆ ತೂರಿದ ಒಂದು ಸಾಲನ್ನ ತೆಗೀಬೇಕು. ಏನು ಮಾಡಿದ್ರೂ ಹೋಗ್ತಿಲ್ಲ."

"ಬೇರೆ ಯಾವುದೋ ಸಾಲು ಅದರ ಮೇಲೆ ಆತುಕೊಂಡಿದೆ. ಸಂಬಂಧ ಇರೋ ತನಕ ಅಳಿಸೋಕೆ ಬಿಡಲ್ಲ."

"ಆತುಕೊಂಡಿರೋದು ಒಂದೇ ಸರ್. ಅದನ್ನೂ ಅಳಿಸಬೇಕಾ?"

"ಬೇಡ. ಸಂಬಂಧದ ಜಾಗ ಖಾಲಿ ಮಾಡಿ, ಸಾಕು. ಆ ಸಾಲು ಇದ್ದೇ ಇರುತ್ತೆ. ಯಾರಿಗೂ ಸೇರಿದ್ದಲ್ಲ, ಅಷ್ಟೇ."

"ಮೊದಲಿದ್ದ ಸಂಬಂಧ ವಾಪಸ್ ಬರುತ್ತಾ?"

"ಬ್ಯಾಕಪ್ ಇದ್ಯಾ?"

"ಇಲ್ಲ ಸರ್."

"ಹಾಗಾದ್ರೆ ಇಲ್ಲ." ಪುಸ್ತಕದಿಂದ ತಲೆಯೆತ್ತಿದರು. "ಯಾವ ಟೇಬಲ್ ಅಮ್ಮಾ ಅದು?"

"ನಮ್ಮನೇದು" ಎಂದು ಹೇಳಿ ಎದ್ದು ಬಂದೆ.

ಅತ್ತೆಗೆ ಎಲ್ಲ ಹೇಳಿದೆ: ಅವನು ಹೋಗದಿರುವುದು ನಾನು ಅವನ ಹೆಂಡತಿಯಾಗಿಬಿಟ್ಟಿರುವುದರಿಂದ, ಆ ಸಂಬಂಧವನ್ನು ನಾನೇ ಬಿಡಬೇಕು. ಅವರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ನಿಂತರು. ಆ ಮನೆಗೆ ಬಂದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಜಗಳವಾಡದೆ ನಿಂತಿದ್ದು ಅದೇ ಮೊದಲು.

ಬೆಳಿಗ್ಗೆ ಬಟ್ಟೆಬರೆ ತುಂಬಿದ ಪೆಟ್ಟಿಗೆ ಹಿಡಿದು ಹೊಸ್ತಿಲು ದಾಟಿ ನಿಂತೆ. ಕೊಕ್ಕೆಗಳು ಬಾಗಿಲ ಹಿಂದೆ, ಹಾಗಾಗಿ ಅತ್ತೆ ಬಾಗಿಲು ಹಾಕಿಕೊಳ್ಳಬೇಕಾಯಿತು. "ನಾನು ಈ ಮನೆಯ ಯಾರ ಹೆಂಡತಿಯೂ ಅಲ್ಲ" ಎಂದೆ, ಒಳಗೆ ಕೇಳುವಷ್ಟು ಗಟ್ಟಿಯಾಗಿ. ಆ ಮಾತು ಆಡಲು ನನಗೆ ಬಹಳ ಕಷ್ಟವಾಯಿತು. ಒಳಕೋಣೆಯಲ್ಲಿ ಏನೋ ಉರುಳಿದ ಸದ್ದಾಯಿತು, ಆಮೇಲೆ ಏನೂ ಇಲ್ಲ. ಬಾಗಿಲಾಚೆ ದಾರ ಸುತ್ತುವ ಸರಸರ ಕೇಳುತ್ತಿತ್ತು. ಈ ಸಲ ಅದು ಬಿಚ್ಚಿಕೊಳ್ಳಲಿಲ್ಲ. ಆಗಲೇ ಹೊರಡಬೇಕಿತ್ತು. ಅವರನ್ನೊಮ್ಮೆ ನೋಡದೆ ಕಾಲು ಮುಂದೆ ಹೋಗಲಿಲ್ಲ.

ಬಾಗಿಲು ತೆರೆಯಿತು. ಅರ್ಧ ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡು ಅವರೇ ಬಂದು ನಿಂತರು. ಮುಖದಲ್ಲಿ ಮೊದಲಿನ ಕಳೆ ತುಂಬಿತ್ತು. ನೆಲ ನೋಡಲಿಲ್ಲ, ನೇರ ನನ್ನ ಕಣ್ಣನ್ನೇ ನೋಡಿ ನಕ್ಕರು. ಅವರು ಉಳಿದರಲ್ಲ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ ಒಂದು ಗಳಿಗೆ ಮಿಕ್ಕಿದ್ದೆಲ್ಲ ಮರೆತೇಹೋಯಿತು.

"ಯಾರು ಬೇಕಿತ್ತು?" ಎಂದರು.

ಅವರ ಬೆನ್ನ ಹಿಂದೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ಯಾರೂ ಇಲ್ಲ. ಮನೆ ತಪ್ಪಿತು" ಎಂದೆ.

"ಅಯ್ಯೋ, ಇಷ್ಟು ಭಾರ ಹೊತ್ಕೊಂಡು ಎಲ್ಲಿ ಅಂತ ಹುಡುಕ್ತೀರಿ? ಯಾರ ಮನೆ ಹೇಳಿ, ನಾನೇ ಬಂದು ತೋರಿಸ್ತೀನಿ" ಎನ್ನುತ್ತಾ ಅವರು ಚಪ್ಪಲಿ ಮೆಟ್ಟಿಕೊಂಡರು.