ಉರಿ ತಾಗದ ಬೆರಳು

ಕರ್ಪೂರದ ಉರಿ ಎಡಕ್ಕೆ ವಾಲುತ್ತಿದೆ, ಫ್ಯಾನನ್ನು ಯಾರೂ ನಿಲ್ಲಿಸಲಿಲ್ಲ, ಆರತಿ ತಟ್ಟೆ ಹಿಡಿದ ಅಣ್ಣನ ಕಿರುಬೆರಳಿಗೇ ಜ್ವಾಲೆ ತಾಗುತ್ತಿದೆ, ಬೆರಳು ಕದಲುವುದಿಲ್ಲ — ಹಿಂದಿನ ಸಾಲಿನಿಂದ ಸುಶೀಲಾಬಾಯಿ, ನೋಡ್ರಿ, ರಮಾಕಾಂತರಿಗೆ ಮೈಮ್ಯಾಲೆ ಖಬರೇ ಇಲ್ಲ, ಭಕ್ತಿ ಅಂದ್ರ ಇದು — ಭಕ್ತಿಯಲ್ಲ ಬಾಯಿ, ನರ ಸತ್ತಿದೆ, ಹೇಳಲಾರೆ, ಆಣೆ ಇದೆ. ಡೊಂಬಿವಲಿಯ ಈ ಹಾಲ್‌ನಲ್ಲಿ ಮೊದಲು ಅಪ್ಪ ಪುರಾಣ ಓದುತ್ತಿದ್ದರು, ಈಗ ಅಣ್ಣ, ನಾನು ಕೇಳುವವಳು, ಷಟ್ಪದಿ ಕೇಳುತ್ತಾ ಅಪ್ಪನ ತೊಡೆಯ ಮೇಲೆ ನಿದ್ದೆಹೋದವಳು — ಈಗ ನಾನು ಠಾಣೆಯ ಆಸ್ಪತ್ರೆಯಲ್ಲಿ ಚರ್ಮದ ವಿಭಾಗದ ನರ್ಸ್, ಗಜಕರ್ಣವಾದರೆ ಅಂಚು ಕೆಂಪಗೆ ಉಬ್ಬಿ ತುರಿಸುತ್ತದೆ, ಅಣ್ಣನ ಮೊಣಕೈಯಲ್ಲಿ ಅಂದು ನಾನು ಕಂಡ ಮಚ್ಚೆ ಮಾಸಲು, ಒಣಕಲು, ರೋಮವಿಲ್ಲ, ಮೇ ತಿಂಗಳ ಸೆಕೆಯಲ್ಲೂ ಬೆವರಿಲ್ಲ — ತುರಿಕೆ ಉಂಟಾ ಅಣ್ಣ, ಇಲ್ಲ ಮಾರಾಯ್ತಿ, ಉಲ್ಹಾಸನಗರದಿಂದ ಒಂದು ಮುಲಾಮಿನ ಟ್ಯೂಬ್ ತಂದು ಹಚ್ಚಿದೆ, ತುರಿಕೆಯೇ ಇಲ್ಲ — ಕಣ್ಣು ಮುಚ್ಚು, ಹತ್ತಿಯ ಎಳೆ ತಾಗಿದ ಕಡೆ ಬೆರಳಿಟ್ಟು ತೋರಿಸು, ಅವನು ನಗುತ್ತಾ ಕೂತ, ನೀನು ಮುಟ್ಟು ಮೊದಲು, ಆಮೇಲಲ್ಲವಾ ತೋರಿಸುವುದು — ಮುಟ್ಟಿದ್ದೆ, ಮುಟ್ಟುತ್ತಲೇ ಇದ್ದೆ.

ಕುಷ್ಠ ಎಂದೆ, ಅತ್ತಿಗೆ ಜಯಲತಾ ಬಾಗಿಲು ಹಾಕಿದಳು, ಕಿಟಕಿಯನ್ನೂ, ಆ ಶಬ್ದ ಈ ಮನೆಯಲ್ಲಿ ಬೇಡ ಹರಿಣಾಕ್ಷಿ, ದಿಶಾಳ ಮದುವೆ ಮಾತು ನಡೀತಾ ಉಂಟು, ಮಾಜಿವಾಡಾದ ಗಂಡಿನ ಕಡೆಯವರಿಗೆ ಗೊತ್ತಾದರೆ ನಮ್ಮಲ್ಲಿ ನೀರೂ ಮುಟ್ಟಲಿಕ್ಕಿಲ್ಲ — ಗುಳಿಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗ್ತದೆ ಅತ್ತಿಗೆ, ಗುಣ ಆಗುವ ಕಾಯಿಲೆ, ಈಗಲೇ ಶುರು ಮಾಡಿದರೆ ಕೈ ಉಳೀತದೆ — ಮದುವೆ ಆಗಲಿ, ಮತ್ತೆ ನೋಡುವ, ಚರ್ಮದ ದೋಷಕ್ಕೆ ನಾಗನಿಗೆ ತಂಬಿಲದ ಪೂಜೆ ಹೇಳಿಕೊಂಡಿದ್ದೇವೆ, ಎಂದು ಅಪ್ಪ ಓದುತ್ತಿದ್ದ ಪುಸ್ತಕದ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿದಳು, ಯಾರಿಗೂ ಹೇಳಬಾರದು, ಅಣ್ಣ ನೋಡುತ್ತಾ ನಿಂತಿದ್ದ — ದೇವರು ಕೇಳಿಸಿಕೊಂಡದ್ದು ಆ ಆಣೆಯೊಂದನ್ನೇ, ನನ್ನ ಬಾಯಿ ಕಟ್ಟಿದ, ತಂಬಿಲದಿಂದ ಅಣ್ಣನ ಕೈ ಬಿಚ್ಚಲಿಲ್ಲ, ಮದುವೆಯ ಮುಹೂರ್ತ ಮತ್ತೆ ಮತ್ತೆ ಮುಂದೆ ಹೋಯಿತು, ಕಿರುಬೆರಳು ಕಾಯಲಿಲ್ಲ, ಕೊಕ್ಕೆಯಂತೆ ಬಾಗಿತು, ಪುಟ ಮಗುಚಲು ಈಗ ಎಡಗೈ, ದಿಶಾಳಿಗೆ ತಮಾಷೆ, ಸೋದರತ್ತೆ ನನಗೆ ಹೇಳುತ್ತಾಳೆ, ಆತ್ಯಾ, ಪಾಪಾ ಗರಮ್ ಗ್ಲಾಸ್ ಭೀ ಐಸೇ ಪಕಡ್ ಲೇತೇ ಹೈಂ, ಕಿತ್ನೇ ಸ್ಟ್ರಾಂಗ್ ಹೈಂ ನಾ — ಹೌದು ಮಗಾ, ಬಿಸಿ ಗ್ಲಾಸನ್ನೂ ಹಾಗೇ ಹಿಡಿಯುವ ಪಾಪಾ, ತುಂಬಾ ಸ್ಟ್ರಾಂಗ್ — ಆಸ್ಪತ್ರೆಗೆ ದಿವಾದಿಂದ, ಕಲ್ಯಾಣದಿಂದ ಬಂದವರ ಮೈಯ ಮಚ್ಚೆಗೆಲ್ಲ ಹೆಸರು ಹೇಳಿ ಗುಳಿಗೆ ಕೊಟ್ಟು ಕಳಿಸುತ್ತೇನೆ, ಮನೆಯ ಮಚ್ಚೆಗೆ ಭಕ್ತಿ ಎಂಬ ಹೆಸರು — ತಟ್ಟೆ ನನ್ನ ಮುಂದೆ ಬಂತು, ಕೈ ಚಾಚಿದೆ, ಚುರ್ ಎಂದಿತು, ಹಿಂದಕ್ಕೆ ಸೆಳೆದುಕೊಂಡೆ, ಅಣ್ಣ ನಕ್ಕ, ಇಷ್ಟಕ್ಕೇ ಹೆದರುವುದಾ ಹರಿಣಾಕ್ಷಿ — ಅವನ ಕಿರುಬೆರಳ ತುದಿಯಲ್ಲಿ ನೀರುಗುಳ್ಳೆ ಏಳುತ್ತಿದೆ, ಅವನು ನನ್ನನ್ನೇ ನೋಡಿ ನಗುತ್ತಿದ್ದಾನೆ, ಸುಶೀಲಾಬಾಯಿ ಕೈ ಮುಗಿದಿದ್ದಾರೆ, ಉರಿಯೊಳಗೆ ಆ ಬೆರಳು, ಕದಲುವುದಿಲ್ಲ, ಆ ಬೆರಳು —