ಕಪಾಟಿನಲ್ಲಿ ಅತ್ತೆ, ಮೇಜಿನ ಮೇಲೆ ಕಿಂಯ್

೧

ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸಲು ನನಗೆ ಪುರುಸೊತ್ತಿಲ್ಲ. ಯೋಚಿಸಲೆಂದು ಬೆರಳು ನಿಲ್ಲಿಸಿದರೆ ಲ್ಯಾಪ್‌ಟಾಪ್ ಕಿಂಯ್ ಎನ್ನುತ್ತದೆ. ಅದು ಕಿಂಯ್ ಎಂದರೆ ಕಪಾಟಿನೊಳಗೆ ಕೂತು ಓದುತ್ತಿರುವ ನಮ್ಮ ಅತ್ತೆಯ ರೆಕಾರ್ಡಿಂಗ್ ಕೆಡುತ್ತದೆ. ಆದ್ದರಿಂದ ಓದುಗರೇ, ಆರಂಭ ಚೆನ್ನಾಗಿಲ್ಲದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

೨ (ಆರಂಭ, ಇನ್ನೊಂದು ಸಲ)

"ಅಂದು ಆಕಾಶದಲ್ಲಿ..." ಬೇಡ. ಆಕಾಶಕ್ಕೂ ಈ ಕಥೆಗೂ ಸಂಬಂಧವಿಲ್ಲ. ಸದ್ದು ಬರಬಾರದೆಂದು ಕಿಟಕಿಯನ್ನೂ ಮುಚ್ಚಿದ್ದೇವೆ.

ಮೊದಲು ಕಪಾಟಿನ ವಿಷಯ ಹೇಳಿಬಿಡುತ್ತೇನೆ. ಮನೆಯಲ್ಲೇ ದನಿ ರೆಕಾರ್ಡ್ ಮಾಡುವವರು ಬಟ್ಟೆಯ ಕಪಾಟಿನೊಳಗೆ ಕೂರುತ್ತಾರಂತೆ, ಹೊರಗಿನ ಸದ್ದನ್ನು ಬಟ್ಟೆಗಳು ನುಂಗುತ್ತವಂತೆ. ನಮ್ಮ ಕಪಾಟಿನಲ್ಲಿ ನನ್ನ ಕೋಟುಗಳು, ಹೆಂಡತಿಯ ಸ್ವೆಟರ್‌ಗಳು, ನಡುವೆ ಒಂದು ಗಿಡ್ಡ ಸ್ಟೂಲು, ಅದರ ಮೇಲೆ ಅತ್ತೆ, ಅವರ ಮುಂದೆ ಮೈಕು. ಮೈಕಿನ ವೈರು ಬಾಗಿಲ ಸಂದಿಯಿಂದ ಹೊರಬಂದು ನನ್ನ ಲ್ಯಾಪ್‌ಟಾಪಿಗೆ ಸೇರುತ್ತದೆ. ನಾನು ಟಕಟಕ ಎಂದು ಬರೆಯುವ ಸದ್ದು ಕೋಟುಗಳನ್ನು ದಾಟುವುದಿಲ್ಲ. ಕಿಂಯ್ ಮಾತ್ರ ವೈರಿನೊಳಗೇ ಬೆರೆತುಕೊಳ್ಳುತ್ತದೆ.

ಅತ್ತೆ ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳಿದವರು. ಎರಡು ಗಂಟೆ ತಡ ಎಂಬುದನ್ನೂ ಜನ ತಲೆಯಾಡಿಸಿ ಒಪ್ಪಿಕೊಳ್ಳುವಂತೆ ಹೇಳುತ್ತಿದ್ದರು. ಈಗ ಅವರಿಗೆ ಮಕ್ಕಳ ಕಥೆ ಓದುವ ಆಸೆ. ಆಡಿಯೋ ಪುಸ್ತಕ ಮಾಡುವ ಕಂಪನಿಯೊಂದಕ್ಕೆ ಹತ್ತು ನಿಮಿಷದ ಸ್ಯಾಂಪಲ್ ಕಳಿಸಿದರು. ಮಂಗಳವಾರ ಉತ್ತರ ಬಂತು: "ರೆಕಾರ್ಡಿಂಗಿನಲ್ಲಿ ಕೀರಲು ಸದ್ದಿದೆ. ಶುಕ್ರವಾರ ಸಂಜೆ ಐದರೊಳಗೆ ಇನ್ನೊಮ್ಮೆ ಕಳಿಸಿ."

ಇವತ್ತು ಶುಕ್ರವಾರ, ಈಗ ಮೂರೂವರೆ.

೩

ತೊಡಕು ಏನೆಂದರೆ ಆ ಸದ್ದು ಅತ್ತೆಗೆ ಕೇಳಿಸುವುದೇ ಇಲ್ಲ. ಅಷ್ಟು ಸಣ್ಣನೆಯ ಸದ್ದು ವಯಸ್ಸಾದ ಕಿವಿಗೆ ನಿಲುಕುವುದಿಲ್ಲ. ನನಗೂ ಹೆಂಡತಿಗೂ ಹಲ್ಲು ಜುಮ್ಮೆನ್ನುವಷ್ಟು ಕೇಳಿಸುತ್ತದೆ.

"ಯಾವ ಸದ್ದು?" ಎಂದು ಕೇಳಿದರು ಅತ್ತೆ.

"ಲ್ಯಾಪ್‌ಟಾಪಿಂದು, ಅತ್ತೆ. ನಮಗಿಬ್ರಿಗೂ ಕೇಳಿಸುತ್ತೆ."

"ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡಿ. ದನಿ ಹೋಗಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗ್ದೆ ಹೀಗೆ ಬರ್ದಿದ್ದಾರೆ. ಕೀರಲು ನನ್ನ ಗಂಟ್ಲೇ."

ಅಲ್ಲಿಗೆ ಬಾಯಿ ಮುಚ್ಚಿದವರು ಮೂರು ದಿನ ತೆರೆಯಲಿಲ್ಲ. ಉಪ್ಪು ಬೇಕಾದರೆ ಬೆರಳು ತೋರಿಸುತ್ತಿದ್ದರು, ಫೋನ್ ಬಂದರೆ ಮಗಳ ಕೈಗೆ ಕೊಡುತ್ತಿದ್ದರು. ಜಗಳವಾಡಿದ್ದರೆ ಸಹಿಸಬಹುದಿತ್ತು, ಇದನ್ನು ನೋಡಲಾಗಲಿಲ್ಲ.

(ಇಲ್ಲಿ ಮುಪ್ಪು ಮತ್ತು ಮೌನದ ಬಗ್ಗೆ ಒಂದು ಭಾರಿ ಪ್ಯಾರಾ ಬರೆದಿದ್ದೆ. ಹೆಂಡತಿ ಬೆನ್ನ ಹಿಂದೆ ನಿಂತು ಓದಿ, "ಭಾಷಣ ಬೇಡ" ಎಂದು ಪಿಸುಗುಟ್ಟಿದಳು. ಅಳಿಸಿದೆ. ಅಳಿಸುವಾಗಲೂ ಬೆರಳು ಆಡುತ್ತಿರುತ್ತದಾದ್ದರಿಂದ ನಷ್ಟವೇನೂ ಆಗಲಿಲ್ಲ.)

೫ (ನಾಲ್ಕನ್ನು ಅತ್ತೆ ತೆಗೆಸಿದರು. ಅದರಲ್ಲಿ ಅವರ ವಯಸ್ಸಿತ್ತು.)

ನಿನ್ನೆ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾಕೆ ಲ್ಯಾಪ್‌ಟಾಪಿಗೆ ಕಿವಿಯಿಟ್ಟು ಕೇಳಿ ನಕ್ಕಳು.

"ಒಳಗೆ ಒಂದು ಪುಟ್ಟ ಸುರುಳಿ ನಡುಗ್ತಿದೆ, ಅಪಾಯ ಏನಿಲ್ಲ. ಕೆಲ್ಸ ಇಲ್ದೆ ತೂಕಡಿಸೋವಾಗ ಹೀಗೆ ಕಿಂಯ್ ಅನ್ನುತ್ತೆ. ಏನಾದ್ರೂ ಕೊಡ್ತಾ ಇರಿ, ಸುಮ್ನಿರುತ್ತೆ."

"ಜಾಸ್ತಿ ಕೆಲ್ಸ ಕೊಟ್ರೆ?"

"ಫ್ಯಾನ್ ತಿರುಗುತ್ತೆ. ಅದರ ಸದ್ದು ಇನ್ನೂ ಜೋರು."

ಹಾಡು, ಸಿನಿಮಾ, ಲೆಕ್ಕದ ಆಟ, ಯಾವುದನ್ನು ಓಡಿಸಿದರೂ ಫ್ಯಾನ್ ತಿರುಗಿತು. ನಾನು ಕಥೆ ಬರೆದರೆ ಮಾತ್ರ ಕಿಂಯ್ ಇಲ್ಲ, ಫ್ಯಾನೂ ಇಲ್ಲ. ನನ್ನ ಬರವಣಿಗೆ ಅಷ್ಟು ಹಗುರ. ವಿಮರ್ಶಕರು ಇದನ್ನು ಬಹಳ ಹಿಂದೆಯೇ ಹೇಳಿದ್ದರು.

೬

ಕೇಳಿಸದ ಸದ್ದನ್ನು ಒಬ್ಬರಿಗೆ ನಂಬಿಸುವುದು ಹೇಗೆ? ಇವತ್ತು ಮಧ್ಯಾಹ್ನ ಮೈಕನ್ನು ಮೇಜಿನ ಮೇಲಿಟ್ಟು ಅತ್ತೆಯನ್ನು ಪರದೆಯ ಮುಂದೆ ಕೂರಿಸಿದೆ. ರೆಕಾರ್ಡ್ ಮಾಡುವ ಪ್ರೋಗ್ರಾಮು ಸದ್ದನ್ನು ಚಿತ್ರವಾಗಿ ತೋರಿಸುತ್ತದೆ. ಯಾರೂ ಮಾತಾಡದಿದ್ದರೂ ಕಪ್ಪು ಪರದೆಯ ಮೇಲ್ತುದಿಯಲ್ಲಿ ಒಂದು ಹಳದಿ ಗೆರೆ ಮೂಡುತ್ತ ಹೋಯಿತು. ನಾನು ಬಾಯಿಗೆ ಬಂದದ್ದನ್ನು ಬರೆಯತೊಡಗಿದೆ, ಗೆರೆ ಮಾಯ. ನಿಲ್ಲಿಸಿದೆ, ಮತ್ತೆ ಗೆರೆ.

"ಇನ್ನೊಂದ್ಸಲ," ಎಂದರು ಅತ್ತೆ. ಮೂರು ದಿನಗಳಲ್ಲಿ ಅವರಾಡಿದ ಮೊದಲ ಮಾತು.

ಬರೆದೆ, ನಿಲ್ಲಿಸಿದೆ.

"ಈಗ ನಾನು ಮಾತಾಡ್ತೀನಿ, ನೀವು ಬರೀಬೇಡಿ." ಅತ್ತೆ ಮೈಕಿಗೆ ಬಾಗಿ, ಎರಡನೇ ಪ್ಲಾಟ್‌ಫಾರ್ಮಿಗೆ ಒಂದು ಗಾಡಿಯನ್ನು ಬರಮಾಡಿಕೊಂಡರು. ಪರದೆಯ ಕೆಳಭಾಗವೆಲ್ಲ ದಪ್ಪ ದಪ್ಪ ಅಲೆಗಳಿಂದ ತುಂಬಿತು. ಗೆರೆ ಅದರ ಪಾಡಿಗೆ ಅದು ಮೇಲೆಯೇ ಇತ್ತು.

"ಕೆಳಗಿರೋದು ನಾನು. ಮೇಲಿರೋದು ಅದು."

"ಹೌದತ್ತೆ."

"ನಾನಲ್ಲ ಅದು."

"ಅಲ್ಲ ಅತ್ತೆ."

ಅವರು ಆ ಹಳದಿ ಗೆರೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು. ಕಣ್ಣೊರೆಸಿಕೊಂಡು, "ಮೂರು ದಿನ ದಂಡ ಆಯ್ತಲ್ಲ," ಎಂದು ಮೈಕು ಎತ್ತಿಕೊಂಡು ಕಪಾಟು ಹೊಕ್ಕರು. ನಮಗಾದ ಖುಷಿಯನ್ನು ನಾನು ವರ್ಣಿಸಲಾರೆ. ಹೆಂಡತಿ ನನ್ನ ಬೆನ್ನಿಗೆ ಗುದ್ದಿದಳು, ಇನ್ನೂ ನೋಯುತ್ತಿದೆ.

೭

ಮೊದಲೆರಡು ಪುಟಗಳನ್ನೇ ನಾಲ್ಕಾರು ಸಲ ಓದಿ ನೀರಿಗೆಂದು ಹೊರಬಂದ ಅತ್ತೆ ಇಲ್ಲಿಯವರೆಗಿನದನ್ನು ಓದಿದರು.

"ವಯಸ್ಸಾದ ಕಿವಿ ಅಂತ ಯಾಕೆ ಹಾಕಿದ್ದೀರಿ ಅಳಿಯಂದ್ರೇ?"

"ಕಥೆಗೆ ಬೇಕು ಅತ್ತೆ."

"ಹಾಗಾದ್ರೆ ನಿಮ್ಮ ಬೋಳು ತಲೆನೂ ಬೇಕು. ಎರಡು ವರ್ಷದಿಂದ ಒಂದಕ್ಷರ ಬರೀದೆ ಕೂತಿದ್ರಲ್ಲ, ಅದೂ ಬೇಕು. ಹಾಕಿ."

ಹಾಕಿದ್ದೇನೆ.

೮ (ಅಂತ್ಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ)

ಅ. ಕಂಪನಿ ಒಪ್ಪುತ್ತದೆ, ಸಾವಿರ ಮಕ್ಕಳು ಅತ್ತೆಯ ದನಿ ಕೇಳುತ್ತ ಮಲಗುತ್ತಾರೆ. ಹೆಂಡತಿಗೆ ಇದೇ ಬೇಕು.

ಆ. ಕಂಪನಿ ಒಪ್ಪುವುದಿಲ್ಲ. ಇದು ಹೆಚ್ಚು ಸಾಹಿತ್ಯಿಕವಾಗಿರುತ್ತದೆ, ಆದರೆ ನಾಳೆ ಬೆಳಿಗ್ಗೆ ನಾನು ಇದೇ ಮನೆಯಲ್ಲಿ ಕಾಫಿ ಕುಡಿಯಬೇಕು.

ಇ. ಯೋಚಿಸಲು ಬಿಡುವಿಲ್ಲ, ನಾಲ್ಕೂ ನಲವತ್ತಾಯಿತು. ಒಳಗೆ ಕೊನೆಯ ಪುಟ ನಡೆಯುತ್ತಿದೆ. ಕರಡಿಯೊಂದು ತನ್ನ ಚಪ್ಪಲಿ ಹುಡುಕುತ್ತಿದೆ, ನರಿಯೊಂದು ಸುಳ್ಳು ಹೇಳುತ್ತಿದೆ, ಎರಡೂ ಅತ್ತೆಯೇ. ಕರಡಿಗೆ ಚಪ್ಪಲಿ ಸಿಕ್ಕಿತು. ಓದು ನಿಂತಿತು. ಮುಗಿಯಿತು ಎಂದುಕೊಂಡು ನಾನು ಕೊನೆಯ ವಾಕ್ಯಕ್ಕೆ ಕೈ ಹಾಕಿದೆ.

ಕಪಾಟಿನ ಬಾಗಿಲು ಒಂದು ಗೇಣು ತೆರೆಯಿತು.

"ಕರಡಿ ಇನ್ನೂ ಚೆನ್ನಾಗಿ ಬರ್ಬಹುದು. ಮೊದಲಿಂದ ಓದ್ತೀನಿ."

"ಅತ್ತೆ, ಇಪ್ಪತ್ತೇ ನಿಮಿಷ ಇರೋದು."

"ಓದೋಕೆ ಹತ್ತು ಸಾಕು. ಮೂರು ದಿನ ಬಾಯಿ ಮುಚ್ಕೊಂಡಿದ್ದೀನಿ ನಾನು. ನೀವು ಬರೀತಾ ಇರಿ."

ಬಾಗಿಲು ಮುಚ್ಚಿತು. ಬರೆಯಲು ನನ್ನ ಹತ್ತಿರ ಏನೂ ಉಳಿದಿಲ್ಲ, ಆದರೂ ಬರೆಯುತ್ತಿದ್ದೇನೆ, ಕರಡಿ ಗುಹೆಯಿಂದ ಹೊರಬಂತು, ಈ ಸಲ ಅದಕ್ಕೆ ನೆಗಡಿ, ಹೆಂಡತಿ ನಗು ತಡೆಯಲಾರದೆ ದಿಂಬು ಕಚ್ಚಿ ಕೂತಿದ್ದಾಳೆ, ಹೋದ ಸಲಕ್ಕಿಂತ ಎಷ್ಟೋ ಚೆನ್ನಾಗಿದೆ ಅತ್ತೆ, ಓದಿ, ಎಷ್ಟು ಸಲ ಬೇಕಾದರೂ ಓದಿ, ನಾನು ನಿಲ್ಲಿಸುವುದಿಲ್ಲ, ನರಿ ಬಂತು, ಅದು ಈಗ ಹೇಳುತ್ತಿರುವುದು